ಚೇಳು ಕುಟುಕಿದ ಮಗು: ನೋವು ಇಳಿದರೆ ಅಪಾಯ ಕಳೆಯಿತೇ?

ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಒಂದು ಬೇಸಿಗೆಯ ಸಂಜೆ ಯಾದಗಿರಿ ಕಡೆಯ ಗೌಂಡಿಯೊಬ್ಬರು ಬಂದರು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಇಟ್ಟಿಗೆ ರಾಶಿಯ ಹತ್ತಿರ ಆಡುತ್ತಿದ್ದ ಆರು ವರ್ಷದ ಮಗನಿಗೆ ಚೇಳು ಕಡಿದಿತ್ತು. ನೋವಿಗೆ ಮಾತ್ರೆ ಕೇಳಿದರು. ಹುಡುಗ ಈಗ ಹೇಗಿದ್ದಾನೆ ಎಂದೆ. “ಬ್ಯಾನಿ ಕಮ್ಮಿ ಆಗ್ಯಾದ್ರಿ, ಸುಮ್ಮ ಮಲ್ಕೊಂಡಾನ. ಖರೇ ಮೈಯೆಲ್ಲ ಬೆವರಲಿಕತ್ತದ, ಕೈಕಾಲು ತಣ್ಣಗ ಆಗ್ಯಾವ” ಎಂದರು. ಅವರು ಅದನ್ನು ಸಮಾಧಾನದ ಸುದ್ದಿಯಂತೆ ಹೇಳಿದರು. ನನಗೆ ಹೆದರಿಕೆಯಾಯಿತು. ಮಾತ್ರೆ ಕೊಡದೆ ಆಟೋ ಕರೆಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಹುಡುಗ ಎರಡು ದಿನ ಐಸಿಯುನಲ್ಲಿದ್ದು ಉಳಿದುಕೊಂಡ.

ಚೇಳಿನ ವಿಷಯದಲ್ಲಿ ನಮ್ಮ ಅಂದಾಜು ತಪ್ಪುವುದು ಇಲ್ಲಿಯೇ. ಜೋರಾಗಿ ಅಳುವ, ಕಡಿದ ಜಾಗ ಹಿಡಿದುಕೊಂಡು ಹೊರಳಾಡುವ ಮಗುವನ್ನು ಕಂಡು ಗಾಬರಿಯಾಗುತ್ತೇವೆ. ಅಳು ನಿಲ್ಲಿಸಿ, ಬೆವರಿ, ತಣ್ಣಗಾಗಿ ಮಲಗಿದ ಮಗುವನ್ನು ಕಂಡು ನಿಟ್ಟುಸಿರು ಬಿಡುತ್ತೇವೆ. ನಿಜವಾದ ಅಪಾಯ ಹೆಚ್ಚಾಗಿ ಎರಡನೆಯ ಮಗುವಿಗೆ. ಬೆವರು, ವಾಂತಿ ಇಲ್ಲದೆ ಬರೀ ತೀವ್ರ ನೋವಷ್ಟೇ ಇದ್ದರೆ ವಿಷ ಸಾಮಾನ್ಯವಾಗಿ ಕಡಿದ ಜಾಗಕ್ಕೇ ಸೀಮಿತವಾಗಿದೆ ಎಂದರ್ಥ.

ಯಾವ ಚೇಳು?

ದೊಡ್ಡ ಕೊಂಡಿಗಳ ಕಪ್ಪು ಚೇಳು ನೋಡಲು ಭಯಂಕರ, ಆದರೆ ಅದರ ಕಡಿತದಿಂದ ಜೀವಕ್ಕೆ ಅಪಾಯವಾಗುವುದು ಅಪರೂಪ. ಭಾರತದಲ್ಲಿ ಹೆಚ್ಚು ಜೀವ ತೆಗೆದಿರುವುದು ಅದಕ್ಕಿಂತ ಚಿಕ್ಕದಾದ, ಸಣ್ಣ ಕೊಂಡಿ ಮತ್ತು ದಪ್ಪ ಬಾಲದ ಕೆಂಪು ಚೇಳು. ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಸೌರಾಷ್ಟ್ರಗಳಲ್ಲಿ ಇದು ಸಾಮಾನ್ಯ. ಕಲ್ಲು, ಇಟ್ಟಿಗೆ, ಸೌದೆ, ಮೂಲೆಯಲ್ಲಿ ಬಿಟ್ಟ ಚಪ್ಪಲಿ ಇದರ ಅಡಗುದಾಣ. ಹಿಡಿಯಲು ಹೋಗಬೇಡಿ. ಫೋನಿನಲ್ಲಿ ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ವೈದ್ಯರು ನೋಡುವುದು ಚೇಳನ್ನಲ್ಲ, ಮಗುವನ್ನು.

ಮೈಯೊಳಗೆ ನಡೆಯುವುದೇನು?

ನಮ್ಮ ನರಗಳಲ್ಲಿ ಸೋಡಿಯಂ ಒಳಗೆ ಬರಲು ಸಣ್ಣ ಬಾಗಿಲುಗಳಿವೆ. ಅವು ಕ್ಷಣಕ್ಕೊಮ್ಮೆ ತೆರೆದು ಮುಚ್ಚುತ್ತಿರುತ್ತವೆ. ಕೆಂಪು ಚೇಳಿನ ವಿಷ ಆ ಬಾಗಿಲು ಮುಚ್ಚದಂತೆ ಮಾಡುತ್ತದೆ. ನಾವು ಯೋಚಿಸದೆಯೇ ಬೆವರು, ಎದೆಬಡಿತ, ರಕ್ತದೊತ್ತಡಗಳನ್ನು ನಡೆಸುವ ನರಗಳು ಒಂದೇ ಸಮನೆ ಕೆಲಸ ಮಾಡತೊಡಗುತ್ತವೆ. ಮೊದಲು ವಾಂತಿ, ಧಾರಾಕಾರ ಬೆವರು, ಜೊಲ್ಲು ಕಾಣಿಸಿಕೊಳ್ಳುತ್ತವೆ. ಗಂಡುಮಕ್ಕಳಲ್ಲಿ ಶಿಶ್ನ ತಾನಾಗಿ ಬಿಗಿದು ನಿಲ್ಲಬಹುದು. ಇದನ್ನು ಹೇಳಲು ಮನೆಯವರು ಸಂಕೋಚಪಡುತ್ತಾರೆ, ದಯವಿಟ್ಟು ಹೇಳಿ. ವಿಷ ಮೈಗೆ ಹರಡಿದೆ ಎಂಬುದಕ್ಕೆ ಅದು ಬಹಳ ಸ್ಪಷ್ಟವಾದ ಗುರುತು.

ಅದರ ಬೆನ್ನಿಗೇ ಅಡ್ರಿನಲಿನ್ ಮತ್ತು ಅದರ ಜಾತಿಯ ರಾಸಾಯನಿಕಗಳು ರಕ್ತಕ್ಕೆ ಸುರಿಯುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ಎದೆ ವೇಗವಾಗಿ ಬಡಿದುಕೊಳ್ಳುತ್ತದೆ. ಬಿಗಿದ ನಾಳಗಳಿಗೆ ರಕ್ತ ತಳ್ಳಿ ತಳ್ಳಿ ಹೃದಯ ಸೋಲುತ್ತದೆ. ಆಗ ಶ್ವಾಸಕೋಶದಲ್ಲಿ ನೀರು ತುಂಬಿ ಕೆಮ್ಮು, ಏದುಸಿರು, ಗುಲಾಬಿ ಬಣ್ಣದ ನೊರೆ ಬರುತ್ತದೆ. ಮಕ್ಕಳು ಸಾಯುವುದು ಹೆಚ್ಚಾಗಿ ಹೀಗೆ. ಕೆಲವೊಮ್ಮೆ ಪುಟ್ಟ ಮಗುವಿನ ಇಸಿಜಿ ಐವತ್ತು ದಾಟಿದವರ ಹೃದಯಾಘಾತದ ಇಸಿಜಿಯಂತೆ ಕಾಣುತ್ತದೆ. ತುರ್ತು ವಿಭಾಗದಲ್ಲಿ ಮೊದಲ ಸಲ ಅದನ್ನು ನೋಡುವ ವೈದ್ಯರೂ ಅರೆಗಳಿಗೆ ತಬ್ಬಿಬ್ಬಾಗುವುದುಂಟು.

ಈ ಲಕ್ಷಣಗಳು ಅರ್ಧ ಗಂಟೆಯಲ್ಲಿಯೂ ಶುರುವಾಗಬಹುದು, ಕೆಲವು ಗಂಟೆ ತಡವಾಗಿಯೂ ಬರಬಹುದು. ಆದ್ದರಿಂದ ಚೇಳು ಕಡಿದ ಮಗು ಆರಾಮವಾಗಿ ಕಂಡರೂ ಆಸ್ಪತ್ರೆಯಲ್ಲಿ ಕಾದು ನೋಡಬೇಕಾಗುತ್ತದೆ.

ಆಸ್ಪತ್ರೆ ತಲುಪುವವರೆಗೆ

ಕಡಿದ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮಗುವಿನ ತೂಕ ಗೊತ್ತಿದ್ದರೆ ಅದನ್ನೂ ಬರೆಯಿರಿ. ಮಗುವನ್ನು ಮಲಗಿಸಿಯೇ ಸಾಗಿಸಿ. 108 ಆಂಬುಲೆನ್ಸ್ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಅದೇ ಸಂಖ್ಯೆ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು, ಬಾಯಿಂದ ಹೀರುವುದು, ಸುಣ್ಣ ಅಥವಾ ಸೀಮೆಎಣ್ಣೆ ಹಚ್ಚುವುದು ಬೇಡ. ಮಂತ್ರ ಹಾಕಿಸಿದ ಮೇಲೆ ನೋವು ಇಳಿಯಿತು ಎನ್ನುವವರ ಮಾತು ಸುಳ್ಳಿರಲಿಕ್ಕಿಲ್ಲ. ನೋವು ತಾನಾಗಿಯೂ ಇಳಿಯುತ್ತದೆ. ತೊಂದರೆಯೆಂದರೆ ಆ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ.

ಮಹಾಡಿನಲ್ಲಿ ಸಿಕ್ಕಿದ ಮಾತ್ರೆ

ಪುಣೆಯಿಂದ ಭೋರ್ ದಾಟಿ ವರಂಧ ಘಾಟಿ ಇಳಿದರೆ ರಾಯಗಡ ಜಿಲ್ಲೆಯ ಮಹಾಡ್ ಸಿಗುತ್ತದೆ. ಆ ತಾಲ್ಲೂಕಿನ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಬಂದ ಯುವ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರಿಗೆ ಚೇಳು ಕಡಿತದ ಸಾವುಗಳು ಎದುರಾದವು. ಪುಸ್ತಕದಲ್ಲಿ ಅದಕ್ಕೆ ಸರಿಯಾದ ಚಿಕಿತ್ಸೆ ಇರಲಿಲ್ಲ. ಅವರು ರೋಗಿಗಳ ಪಕ್ಕದಲ್ಲೇ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರು ಬರೆದಿಟ್ಟುಕೊಂಡರು. ಮುಂದಿನ ಗಂಡಾಂತರವನ್ನು ಮೊದಲೇ ಸೂಚಿಸುವ ಲಕ್ಷಣಗಳ ಕುರಿತು ಅವರು ಬರೆದದ್ದು 1982ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಮಾಡಿದ ಅವರು ಮತ್ತೆ ಮಹಾಡ್ ಸೀಮೆಯಲ್ಲೇ ವೃತ್ತಿ ನಡೆಸಿದರು. ರಕ್ತದೊತ್ತಡಕ್ಕೆಂದು ಬಳಕೆಯಲ್ಲಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ಚೇಳು ಕಡಿದವರಿಗೆ ಕೊಟ್ಟ ಅನುಭವ 1986ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನ್ನಂಥ ಫಾರ್ಮಸಿಯವರಿಗೆ ಒಂದು ಬಗೆಯ ಖುಷಿಯಾಯಿತು. ಹಳೆಯ ಔಷಧಿಗೆ ಹೊಸ ಕೆಲಸ ಹುಡುಕಿಕೊಟ್ಟವರು ಅವರು.

ಪ್ರಜೋಸಿನ್ ಮಾಡುವ ಕೆಲಸ ಸರಳ. ಅಡ್ರಿನಲಿನ್ ಗುಂಪಿನ ರಾಸಾಯನಿಕಗಳು ರಕ್ತನಾಳಗಳನ್ನು ಬಿಗಿಗೊಳಿಸಲು ಆಲ್ಫಾ ಎಂಬ ಗ್ರಾಹಕಗಳ ಮೇಲೆ ಕೂರಬೇಕು. ಪ್ರಜೋಸಿನ್ ಆ ಜಾಗವನ್ನು ಹಿಡಿದುಕೊಳ್ಳುತ್ತದೆ. ನಾಳಗಳು ಸಡಿಲಾಗುತ್ತವೆ, ಹೃದಯದ ಹೊರೆ ಇಳಿಯುತ್ತದೆ. ಇದು ವಿಷವನ್ನು ನಾಶ ಮಾಡುವುದಿಲ್ಲ, ವಿಷ ಎಬ್ಬಿಸಿದ ಬಿರುಗಾಳಿಯಿಂದ ಹೃದಯವನ್ನು ಕಾಯುತ್ತದೆ. ಪ್ರಜೋಸಿನ್ ಬರುವ ಮೊದಲು ಶ್ವಾಸಕೋಶದಲ್ಲಿ ನೀರು ತುಂಬಿದ ರೋಗಿಗಳಲ್ಲಿ ನೂರಕ್ಕೆ 25ರಿಂದ 30 ಮಂದಿ ಸಾಯುತ್ತಿದ್ದರು, ಬಂದ ಮೇಲೆ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು ಎಂದು ಬಾವಸ್ಕರ್ ದಂಪತಿ ದಾಖಲಿಸಿದ್ದಾರೆ. ಹಿಂದಿನ ವರ್ಷಗಳೊಂದಿಗೆ ಮಾಡಿದ ಇಂಥ ಹೋಲಿಕೆಯಲ್ಲಿ ರಸ್ತೆ, ವಾಹನ, ಆಸ್ಪತ್ರೆ ಸುಧಾರಿಸಿದ್ದರ ಪಾಲೂ ಸೇರಿಕೊಂಡಿರುತ್ತದೆ. ಆದರೂ ಇಷ್ಟು ದೊಡ್ಡ ಇಳಿಕೆಯಲ್ಲಿ ಮಾತ್ರೆಯ ಪಾಲು ದೊಡ್ಡದೇ ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾಲದಲ್ಲಿ ಬೆವರು, ಜೊಲ್ಲು ನಿಲ್ಲಿಸಲು ಅಟ್ರೋಪಿನ್ ಕೊಡುತ್ತಿದ್ದುದುಂಟು. ಬೆವರು ನಿಲ್ಲುತ್ತದೆ, ಹೃದಯ ಮಾತ್ರ ಇನ್ನಷ್ಟು ಓಡುತ್ತದೆ. ಈಗ ಅದನ್ನು ವಾಡಿಕೆಯಾಗಿ ಕೊಡುವುದಿಲ್ಲ.

ಮನೆಯಲ್ಲಿರುವ ಮಾತ್ರೆ ಕೊಡಬಹುದೇ?

ಬೇಡ. ಈ ಪ್ರಶ್ನೆ ಕೌಂಟರಿನಲ್ಲಿ ಬರುತ್ತಲೇ ಇರುತ್ತದೆ, ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇನೆ. ಮಕ್ಕಳಿಗೆ ಪ್ರಜೋಸಿನ್ ತೂಕದ ಲೆಕ್ಕದಲ್ಲಿ, ಒಂದು ಕೆ.ಜಿ.ಗೆ 30 ಮೈಕ್ರೋಗ್ರಾಂನಂತೆ ಕೊಡುತ್ತಾರೆ. ಹತ್ತು ಕೆ.ಜಿ. ಮಗುವಿಗೆ ಒಂದು ಸಲಕ್ಕೆ 300 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ ಮಾತ್ರೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಜ್ಜನ ಬಿಪಿಗೆಂದು ಮನೆಯಲ್ಲಿರುವುದು ಹೆಚ್ಚಾಗಿ ನಿಧಾನವಾಗಿ ಬಿಡುಗಡೆಯಾಗುವ 2.5 ಅಥವಾ 5 ಮಿಲಿಗ್ರಾಂ ಮಾತ್ರೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಇಳಿಯಬೇಕಾದ ಅದನ್ನು ಪುಡಿ ಮಾಡಿದರೆ ಪೂರ್ತಿ ಔಷಧಿ ಒಮ್ಮೆಲೇ ಇಳಿಯುತ್ತದೆ. 5 ಮಿಲಿಗ್ರಾಂ ಎಂದರೆ ಆ ಮಗುವಿನ ಒಂದು ಡೋಸಿನ ಹದಿನಾರು ಪಟ್ಟಿಗೂ ಹೆಚ್ಚು.

ಆಸ್ಪತ್ರೆಯಲ್ಲಿ ಸರಿಯಾದ ಡೋಸು ಕೊಟ್ಟ ಮೇಲೂ ನಿಮ್ಮ ಪಾಲಿಗೆ ಒಂದು ಕೆಲಸವಿದೆ. ಮೊದಲ ಡೋಸಿನ ನಂತರ ಎದ್ದು ನಿಂತರೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳಬೇಡಿ, ಕೂರಿಸಬೇಡಿ, ಮೂತ್ರಕ್ಕೂ ಹಾಸಿಗೆಯಲ್ಲೇ ವ್ಯವಸ್ಥೆ ಮಾಡಿ. ಅಳುವ ಮಗುವನ್ನು ಎತ್ತಿಕೊಳ್ಳದೆ ಇರುವುದು ತಾಯಿಗೆ ಕಷ್ಟ. ಪಕ್ಕದಲ್ಲೇ ಕುಳಿತು ಕೈ ಹಿಡಿದುಕೊಳ್ಳಿ. ಕೈ ಹಿಡಿದಾಗ ಇನ್ನೊಂದು ಉಪಕಾರವೂ ಆಗುತ್ತದೆ. ಸಾಮಾನ್ಯವಾಗಿ ಮೂರು ಗಂಟೆಗೊಮ್ಮೆ ಕೊಡುವ ಈ ಔಷಧಿಯನ್ನು ಕೈಕಾಲು ಬೆಚ್ಚಗಾಗುವವರೆಗೆ ಮುಂದುವರಿಸುತ್ತಾರೆ. ಬೆರಳ ತುದಿ ಬೆಚ್ಚಗಾದದ್ದು ಮೊದಲು ಗೊತ್ತಾಗುವುದು ನಿಮಗೇ.

ಪ್ರತಿವಿಷ ಬೇಕೇ?

ಹಾವಿನ ಪ್ರತಿವಿಷ ಚೇಳಿಗೆ ಕೆಲಸ ಮಾಡುವುದಿಲ್ಲ. ಕೆಂಪು ಚೇಳಿನ ಪ್ರತಿವಿಷವೇ ಬೇರೆ. ಕುದುರೆಗಳಿಂದ ತಯಾರಿಸುವ ಈ ಇಂಜೆಕ್ಷನ್ನನ್ನು ತಯಾರಿಸಿದವರಲ್ಲಿ ಪುಣೆ ಪಕ್ಕದ ಪಿಂಪ್ರಿಯಲ್ಲಿ ಘಟಕವಿರುವ ಹಾಫ್ಕಿನ್ ಸಂಸ್ಥೆಯೂ ಒಂದು. ಪ್ರಜೋಸಿನ್ ಇರುವಾಗ ಇದೂ ಬೇಕೇ ಎಂಬ ಪ್ರಶ್ನೆಗೆ ಬಾವಸ್ಕರ್ ದಂಪತಿ ಮಹಾಡಿನಲ್ಲೇ ಪ್ರಯೋಗ ನಡೆಸಿದರು. ವಿಷ ಮೈಗೆ ಹರಡಿದ್ದರೂ ಶ್ವಾಸಕೋಶಕ್ಕೆ ನೀರು ಬಂದಿರದ 70 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 35 ಜನರಿಗೆ ಪ್ರಜೋಸಿನ್ ಮಾತ್ರ, 35 ಜನರಿಗೆ ಪ್ರಜೋಸಿನ್ ಜೊತೆ ಪ್ರತಿವಿಷ. ಹತ್ತು ಗಂಟೆಗಳಲ್ಲಿ ಎರಡೂ ಔಷಧಿ ಪಡೆದವರಲ್ಲಿ 32 ಜನ ಪೂರ್ತಿ ಚೇತರಿಸಿಕೊಂಡಿದ್ದರು, ಮಾತ್ರೆಯಷ್ಟೇ ಪಡೆದವರಲ್ಲಿ 8 ಜನ. ಚೇತರಿಕೆಗೆ ಹಿಡಿದ ಸರಾಸರಿ ಸಮಯ ಸುಮಾರು 8 ಗಂಟೆ ಮತ್ತು ಸುಮಾರು 18 ಗಂಟೆ. ಇದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪುದುಚೇರಿಯ ಜಿಪ್ಮರ್‌ನಲ್ಲಿ ಮಕ್ಕಳ ಮೇಲೆ ನಡೆದ ಪ್ರಯೋಗವೂ ಇದೇ ದಿಕ್ಕನ್ನು ತೋರಿಸಿತು.

ಆದರೆ 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಟ್ಯುನೀಷಿಯಾದ ಪ್ರಯೋಗ ಬೇರೆಯದೇ ಹೇಳಿತ್ತು. ಎಂಟು ನೂರಕ್ಕೂ ಹೆಚ್ಚು ಜನರ ಮೇಲೆ ನಡೆದ ಅದರಲ್ಲಿ ಪ್ರತಿವಿಷದಿಂದ ಪ್ರಯೋಜನ ಕಾಣಲಿಲ್ಲ. ಎರಡರಲ್ಲಿ ಒಂದು ಸುಳ್ಳೇ? ಅಲ್ಲ. ಟ್ಯುನೀಷಿಯಾದಲ್ಲಿ ಚೇಳು ಬೇರೆ, ಔಷಧಿ ಬೇರೆ. ಜೊತೆಗೆ ಅಲ್ಲಿ ಕಡಿತ ಎಷ್ಟು ತೀವ್ರ ಎಂದು ನೋಡದೆ ಎಲ್ಲರನ್ನೂ ಸೇರಿಸಿಕೊಂಡಿದ್ದರು. ಬರೀ ನೋವಿದ್ದವರು ಹೇಗಿದ್ದರೂ ಗುಣವಾಗುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ತೀವ್ರವಾಗಿ ವಿಷವೇರಿದ 15 ಮಕ್ಕಳ ಮೇಲಷ್ಟೇ ನಡೆದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರತಿವಿಷ ಪಡೆದ 8 ಮಕ್ಕಳೂ ನಾಲ್ಕು ಗಂಟೆಯೊಳಗೆ ಚೇತರಿಸಿಕೊಂಡರು, ಪಡೆಯದ 7 ಮಕ್ಕಳಲ್ಲಿ ಒಂದೇ. ಆದ್ದರಿಂದ ವೈದ್ಯರು “ಈ ಮಗುವಿಗೆ ಪ್ರತಿವಿಷ ಬೇಡ, ನೋವಿಗಷ್ಟೇ ಔಷಧಿ ಸಾಕು” ಎಂದರೆ ಅದನ್ನು ಅಲಕ್ಷ್ಯ ಎಂದುಕೊಳ್ಳಬೇಡಿ. ಬೆವರು, ವಾಂತಿ, ತಣ್ಣನೆಯ ಕೈಕಾಲು ಇದ್ದರೆ “ಪ್ರತಿವಿಷ ಇಲ್ಲಿ ಸಿಗುತ್ತದೆಯೇ, ಇಲ್ಲದಿದ್ದರೆ ಪ್ರಜೋಸಿನ್ ಶುರು ಮಾಡಿದ್ದೀರಾ?” ಎಂದು ಕೇಳಲು ಹಿಂಜರಿಯಬೇಡಿ. ಪ್ರತಿವಿಷ ಹುಡುಕುತ್ತಾ ಊರೂರು ಅಲೆದು ಪ್ರಜೋಸಿನ್ ತಡವಾಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಸಹಿ ಕೇಳಿದರೆ

ಇಂಥ ಪ್ರಯೋಗಗಳು ದೊಡ್ಡ ಆಸ್ಪತ್ರೆಗಳಲ್ಲಿ ಮುಂದೆಯೂ ನಡೆಯುತ್ತವೆ, ನಿಮ್ಮ ಮಗುವನ್ನು ಸೇರಿಸಲೇ ಎಂದು ಕೇಳಬಹುದು. ಒಪ್ಪಿಗೆ ಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸದ ಒಂದು ಭಾಗ. ಪುಣೆಯಲ್ಲಿ ನಿಮ್ಮ ಕೈಗೆ ಬರುವುದು ಮರಾಠಿಯದೋ ಇಂಗ್ಲಿಷಿನದೋ ಇರಬಹುದು. ಓದಲು ಬಾರದಿದ್ದರೆ ಸಹಿ ಹಾಕಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವುದು ಅವರ ಹೊಣೆ. ಮೂರು ಮಾತು ಕೇಳಿ: ಸೇರದಿದ್ದರೆ ಈಗ ಕೊಡುವ ಚಿಕಿತ್ಸೆ ಯಾವುದು? ಸೇರಿದರೆ ಅದರಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಮಧ್ಯದಲ್ಲಿ ಬಿಡಬಹುದೇ? ಬಿಡಬಹುದು, ಬಿಟ್ಟರೂ ಸಾಮಾನ್ಯ ಚಿಕಿತ್ಸೆ ನಿಲ್ಲಬಾರದು. ಭಾರತದಲ್ಲಿ 2009ರಿಂದ ಕ್ಲಿನಿಕಲ್ ಪ್ರಯೋಗಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ, ನೋಂದಣಿ ಸಂಖ್ಯೆ ಕೇಳಿದರೆ ಕೊಡಬೇಕು. ಮಹಾಡಿನ ಪ್ರಯೋಗದಲ್ಲಿ ಎರಡೂ ಗುಂಪಿಗೆ ಪ್ರಜೋಸಿನ್ ಸಿಕ್ಕಿತ್ತು ಎಂಬುದನ್ನು ಗಮನಿಸಿ. ಕೆಲಸ ಮಾಡುತ್ತದೆಂದು ತಿಳಿದ ಔಷಧಿಯನ್ನು ಯಾರಿಂದಲೂ ತಡೆಹಿಡಿದಿರಲಿಲ್ಲ.

ಮನೆಗೆ ಕಳುಹಿಸುವಾಗ ಹೃದಯದ ಎಕೋ ಪರೀಕ್ಷೆಗೆ ಮತ್ತೆ ಬರಲು ಹೇಳಿದ್ದರೆ ಮಗು ಓಡಾಡಿಕೊಂಡಿದ್ದರೂ ಹೋಗಿ. ವಿಷದಿಂದ ದಣಿದ ಹೃದಯ ಹೆಚ್ಚಿನ ಮಕ್ಕಳಲ್ಲಿ ಪೂರ್ತಿ ಸರಿಹೋಗುತ್ತದೆ, ಸರಿಹೋಗಿದೆ ಎಂಬುದನ್ನು ಆ ಪರೀಕ್ಷೆ ತೋರಿಸುತ್ತದೆ. ಅಷ್ಟರೊಳಗೆ ಏದುಸಿರು, ಕೆಮ್ಮು ಅಥವಾ ಅತಿಯಾದ ಸುಸ್ತು ಕಂಡರೆ ಕೊಟ್ಟ ದಿನಾಂಕಕ್ಕೆ ಕಾಯದೆ ಅದೇ ಆಸ್ಪತ್ರೆಗೆ ಕರೆದೊಯ್ಯಿರಿ.