ಫ್ರಾಂಚೈಸಿದಾರರ ಕಾನೂನು ರಕ್ಷಣೆ

ಒಂದು ಸಂಸ್ಥೆಯ ಹೆಸರು, ವ್ಯಾಪಾರಮುದ್ರೆ ಹಾಗೂ ವ್ಯವಹಾರಪದ್ಧತಿಗಳನ್ನು ಶುಲ್ಕ ತೆತ್ತು ಪಡೆದು, ಸ್ವಂತ ಬಂಡವಾಳದಿಂದ ವ್ಯಾಪಾರ ನಡೆಸುವವನನ್ನು ಆ ಸಂಸ್ಥೆಯ ಅನ್ಯಾಯದಿಂದಲೂ ತಪ್ಪಿಸಬಹುದಾದ ನಷ್ಟದಿಂದಲೂ ಕಾಪಾಡುವ ಶಾಸನ, ತೀರ್ಪು ಮತ್ತು ಕರಾರುಗಳ ಸಮುದಾಯ. ಫ್ರಾಂಚೈಸ್ ಎಂಬ ಮಾತು ಸ್ವಾತಂತ್ರ್ಯವೆಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದುದು. ಆದರೆ ಅಂಗಡಿಯ ಬಾಡಿಗೆ, ಕೆಲಸಗಾರರ ಸಂಬಳ, ಬ್ಯಾಂಕಿನ ಸಾಲಗಳೆಲ್ಲವೂ ತನ್ನ ತಲೆಯ ಮೇಲಿದ್ದು, ಬಾಗಿಲ ಮೇಲಣ ಹೆಸರು ಮಾತ್ರ ಪರರದಾಗಿರುವ ಈ ವ್ಯಾಪಾರಿಯ ಸ್ವಾತಂತ್ರ್ಯ ಎಷ್ಟರಮಟ್ಟಿನದೆಂಬ ಪ್ರಶ್ನೆಯೇ ಈ ಕಾನೂನಿನ ಇತಿಹಾಸಕ್ಕೆ ಮೂಲ. ಆ ಇತಿಹಾಸ ಪ್ರಧಾನವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡಿತು.

ಆರಂಭಕಾಲ : 1850ರ ದಶಕದಲ್ಲಿ ಸಿಂಗರ್ ಹೊಲಿಗೆಯಂತ್ರದ ಮಾರಾಟದ ಹಕ್ಕನ್ನು ಪ್ರಾಂತವಾರು ಹಂಚಿಕೊಟ್ಟದ್ದು ಈ ಪದ್ಧತಿಯ ಮೊದಲ ನಿದರ್ಶನಗಳಲ್ಲೊಂದು. 1899ರಲ್ಲಿ ಚಟನೂಗ ನಗರದ ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್ ಎಂಬ ಇಬ್ಬರು ವಕೀಲರು, ಕೋಕಾ-ಕೋಲಾ ಪಾನೀಯವನ್ನು ಸೀಸೆಗಳಲ್ಲಿ ತುಂಬಿ ಮಾರುವ ಹಕ್ಕನ್ನು ಕೇವಲ 1 ಡಾಲರಿಗೆ ಬರೆಸಿಕೊಂಡರು. ಮೊದಲನೆಯ ಮಹಾಯುದ್ಧದ ತರುವಾಯ ಸಕ್ಕರೆಯ ಬೆಲೆ ಏರಿ, ನಿಗದಿಯಾದ ದರಕ್ಕೆ ಪಾಕ ಒದಗಿಸುವುದು ಭಾರವಾದಾಗ ಕಂಪನಿ ಆ ಕರಾರನ್ನು ಕೊನೆಗಾಣಿಸಹೊರಟಿತು; ಮನಬಂದಾಗ ಮುರಿಯಬಹುದಾದ ಕರಾರು ಇದಲ್ಲವೆಂದು 1920ರಲ್ಲಿ ಡೆಲವೇರಿನ ಫೆಡರಲ್ ನ್ಯಾಯಾಲಯ ಕಂಡುಕೊಂಡುದರಿಂದ ಪ್ರಕರಣ ರಾಜಿಯಲ್ಲಿ ಮುಗಿಯಿತು. ಕರಾರಿನ ಒಂದೊಂದು ಪದವೂ ದುರ್ಬಲನ ಕವಚವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಮುಂದಿನ ದಶಕಗಳಲ್ಲಾದರೋ ಕರಾರುಪತ್ರವನ್ನು ಮೂಲಸಂಸ್ಥೆಯೇ ಅಚ್ಚುಹಾಕಿಸಿ ಮುಂದಿಡುವ, ಬಂದವನು ಸಹಿ ಮಾತ್ರ ಹಾಕುವ ರೂಢಿ ಬೇರೂರಿ, ಆ ಕವಚ ಕೈತಪ್ಪಿತು.

ಶಾಸನಗಳ ಉದಯ : ಬೇಡದ ಕಾರುಗಳನ್ನು ವಿತರಕರ ಮೇಲೆ ಹೇರಿ, ಒಪ್ಪದಿದ್ದರೆ ಏಜೆನ್ಸಿಯನ್ನೇ ಕಿತ್ತುಕೊಳ್ಳುವ ಬೆದರಿಕೆಯೊಡ್ಡುತ್ತಿದ್ದ ತಯಾರಕರ ವಿರುದ್ಧ ಎದ್ದ ದೂರುಗಳ ಫಲವಾಗಿ 1956ರಲ್ಲಿ ಮೋಟಾರು ವಿತರಕರ ಪರವಾದ ಫೆಡರಲ್ ಶಾಸನ ಬಂದು, ಸದ್ಭಾವನೆಯಿಂದ ನಡೆದುಕೊಳ್ಳದ ತಯಾರಕನ ಮೇಲೆ ದಾವೆ ಹೂಡುವ ಹಕ್ಕು ದೊರೆಯಿತು. 1971ರ ಚಿಕನ್ ಡಿಲೈಟ್ ಪ್ರಕರಣ ಇನ್ನೊಂದು ಮೈಲಿಗಲ್ಲು. ಆ ಸಂಸ್ಥೆ ಪ್ರವೇಶಶುಲ್ಕವನ್ನಾಗಲಿ ರಾಯಲ್ಟಿಯನ್ನಾಗಲಿ ಕೇಳುತ್ತಿರಲಿಲ್ಲ. ಬದಲಾಗಿ ಕರಿಯುವ ಉಪಕರಣ, ಮಸಾಲೆಯ ಮಿಶ್ರಣ, ಊಟ ಕಟ್ಟಿಕೊಡುವ ಪೊಟ್ಟಣಗಳನ್ನು ಪೇಟೆಗಿಂತ ಹೆಚ್ಚಿನ ಬೆಲೆ ಕೊಟ್ಟು ತನ್ನಿಂದಲೇ ಕೊಳ್ಳಬೇಕೆಂದು ವಿಧಿಸುತ್ತಿತ್ತು. ಹೆಸರಿನೊಡನೆ ಸರಕನ್ನು ಹೀಗೆ ಗಂಟುಹಾಕುವುದು ಏಕಸ್ವಾಮ್ಯವಿರೋಧಿ ಕಾನೂನಿಗೆ ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು.

ನಷ್ಟವಾದಮೇಲೆ ಕೋರ್ಟಿಗೆ ಅಲೆಯುವುದಕ್ಕಿಂತ ಸಹಿಗೆ ಮುನ್ನವೇ ಸತ್ಯವನ್ನರಿಯುವುದು ಮೇಲೆಂಬ ತತ್ತ್ವ ಕ್ಯಾಲಿಫೋರ್ನಿಯದ 1970ರ ಶಾಸನದಲ್ಲಿ ಮೊತ್ತಮೊದಲು ಮೂರ್ತರೂಪ ತಾಳಿತು. ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 1979ರಲ್ಲಿ ಜಾರಿಗೆ ಬಂದು ಅದೇ ತತ್ತ್ವವನ್ನು ದೇಶಕ್ಕೆಲ್ಲ ವಿಸ್ತರಿಸಿತು. 2007ರಲ್ಲಿ ಪರಿಷ್ಕೃತವಾದ ನಿಯಮದ ಮೇರೆಗೆ, ಹಣ ಪಡೆಯುವುದಕ್ಕೆ ಅಥವಾ ಸಹಿ ಹಾಕಿಸುವುದಕ್ಕೆ ಕನಿಷ್ಠ 14 ದಿನ ಮೊದಲೇ 23 ಪ್ರಕರಣಗಳುಳ್ಳ ವಿವರಪತ್ರವನ್ನು ಕೊಡತಕ್ಕದ್ದು. ಮೂರನೆಯದರಲ್ಲಿ ಸಂಸ್ಥೆಯ ವ್ಯಾಜ್ಯಗಳು, ನಾಲ್ಕನೆಯದರಲ್ಲಿ ದಿವಾಳಿತನದ ಚರಿತ್ರೆ, ಏಳನೆಯದರಲ್ಲಿ ತಗಲುವ ಬಂಡವಾಳ ಇರುತ್ತವೆ. ಇಪ್ಪತ್ತನೆಯದರಲ್ಲಿ ಮೂರು ವರ್ಷಗಳಲ್ಲಿ ತೆರೆದ, ಮುಚ್ಚಿದ, ಕೈಬದಲಾದ ಅಂಗಡಿಗಳ ಲೆಕ್ಕವೂ ಹಿಂದಿನ ವರ್ಷ ಬಿಟ್ಟುಹೋದವರ ಹೆಸರುಗಳೂ ಇರಬೇಕು. ಆದರೆ ಈ ನಿಯಮ ಉಲ್ಲಂಘನೆಯಾದರೆ ನೊಂದವನು ಅದರ ಆಧಾರದ ಮೇಲೆ ತಾನೇ ದಾವೆ ಹೂಡಲಾರ. ಅದಕ್ಕೆ ರಾಜ್ಯಗಳ ಕಾನೂನನ್ನೇ ಅವಲಂಬಿಸಬೇಕು. ಅಮೆರಿಕದ ಹೊರಗೆ ಆಸ್ಟ್ರೇಲಿಯ 1998ರಲ್ಲಿ ಫ್ರಾಂಚೈಸಿಗಳಿಗಾಗಿ ಕಡ್ಡಾಯ ಸಂಹಿತೆಯನ್ನು ಜಾರಿಗೆ ತಂದಿತು.

ರಕ್ಷಣೆಯ ಮಿತಿಗಳು : ರಾಜ್ಯಶಾಸನ ಏನೇ ಹೇಳಿದರೂ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ವಿವಾದ ಅಲ್ಲಿಗೇ ಹೋಗತಕ್ಕದ್ದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ವಿಧಿಸಿತು. ಮರುವರ್ಷ ಬರ್ಗರ್ ಕಿಂಗ್ ಪ್ರಕರಣದಲ್ಲಿ, ಮಿಷಿಗನ್ನಿನಲ್ಲಿ ಉಪಾಹಾರಗೃಹ ನಡೆಸುತ್ತಿದ್ದವನು ದೂರದ ಫ್ಲಾರಿಡದ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾಯಿತು. ಎಲ್ಲಿ, ಯಾರ ಮುಂದೆ ನ್ಯಾಯ ಬೇಡಬೇಕೆಂಬ ಒಂದು ಸಾಲೂ ಇಡೀ ವ್ಯಾಪಾರದ ಭವಿಷ್ಯವನ್ನು ನಿರ್ಣಯಿಸಬಲ್ಲದೆಂಬುದು ಇದರಿಂದ ವಿದಿತವಾಗುತ್ತದೆ.

ಭಾರತದಲ್ಲಿ : ಫ್ರಾಂಚೈಸಿಗೆಂದೇ ಪ್ರತ್ಯೇಕ ಶಾಸನವಿಲ್ಲದ ಕಾರಣ 1872ರ ಕರಾರು ಅಧಿನಿಯಮ, 1996ರ ಮಧ್ಯಸ್ಥಿಕೆ ಅಧಿನಿಯಮ, 1999ರ ವ್ಯಾಪಾರಮುದ್ರೆಗಳ ಅಧಿನಿಯಮ ಮುಂತಾದುವೇ ಆಧಾರ. ಅಮೃತಸರದ ಅಡುಗೆ ಅನಿಲ ವಿತರಕರ ಪ್ರಕರಣದಲ್ಲಿ, ನೋಟಿಸು ಕೊಟ್ಟು ಮುರಿಯಬಹುದಾದ ಕರಾರು ಮರಳಿ ಸಿಕ್ಕದು, ನೋಟಿಸಿನ 30 ದಿನಗಳ ಗಳಿಕೆಯಷ್ಟೇ ಪರಿಹಾರವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಹೇಳಿತು. ಕರಾರು ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿಯ ಪಾನೀಯವನ್ನು ತಯಾರಿಸಿ ಮಾರಕೂಡದೆಂಬ ಷರತ್ತು ವ್ಯಾಪಾರಕ್ಕೆ ಅಡ್ಡಿಯಲ್ಲವೆಂಬುದು 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದ ತೀರ್ಪು.

ಎಚ್ಚರಿಕೆಯ ಕ್ರಮಗಳು : ಆದುದರಿಂದ ವಿವೇಕಿಯಾದ ಫ್ರಾಂಚೈಸಿದಾರ ತನ್ನ ವ್ಯಾಪಾರದ ಎಲ್ಲೆ, ಕರಾರಿನ ಅವಧಿ, ನವೀಕರಣ, ರದ್ದತಿಗೆ ಮುನ್ನ ತಪ್ಪು ತಿದ್ದಿಕೊಳ್ಳಲು ಸಿಗುವ ವಾಯಿದೆ, ಉಳಿದ ಸರಕನ್ನು ಮರಳಿ ಕೊಳ್ಳುವ ಹೊಣೆ ಇವುಗಳನ್ನು ಬರವಣಿಗೆಯಲ್ಲಿ ಪಡೆಯುತ್ತಾನೆ, ವಿಮೆ ಮಾಡಿಸುತ್ತಾನೆ, ವ್ಯಾಪಾರಕ್ಕೆ ಕಂಪನಿಯ ರೂಪ ಕೊಟ್ಟರೂ ಸ್ವಂತ ಜಾಮೀನಿಗೆ ಸಹಿ ಹಾಕಿದರೆ ವಾಸದ ಮನೆಯೂ ಹೊಣೆಯಾಗಬಹುದೆಂಬುದನ್ನು ಮರೆಯುವುದಿಲ್ಲ. ವಿವರಪತ್ರ ಕಡ್ಡಾಯವಲ್ಲದ ನಮ್ಮ ದೇಶದಲ್ಲಿ ಅದರ ಇಪ್ಪತ್ತನೆಯ ಪ್ರಕರಣವನ್ನು ಅವನೇ ಬರೆದುಕೊಳ್ಳಬೇಕಾಗುತ್ತದೆ: ಅದೇ ಹೆಸರಿನಡಿ ಅಂಗಡಿ ತೆರೆದು ಮುಚ್ಚಿದವರನ್ನು ಹುಡುಕಿಹೋಗಿ, ಏಕೆ ಬಿಟ್ಟಿರೆಂದು ಕೇಳಿ, ಅವರ ಉತ್ತರವನ್ನು ತಿಳಿದ ಬಳಿಕವೇ ಸಹಿ ಹಾಕಬೇಕು.