ಮಾಳಿಗೆಯ ಒಳಹೊದಿಕೆ

ಮಾಳಿಗೆಯ ಒಳಹೊದಿಕೆ ಎಂದರೆ ಮೇಲ್ಛಾವಣಿಯ ಒರಟಾದ ಒಳಮೈಯನ್ನು ಕೀಳದೆ, ಅದರ ಕೆಳಗೆ ಬಟ್ಟೆ, ಚಾಪೆ ಅಥವಾ ಹಲಗೆಯನ್ನು ಹೊಂದಿಸಿ ಮರೆಮಾಡುವ ಕ್ರಮ. ಇದು ಮನೆಯವರೇ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳಬಹುದಾದ ಕೆಲಸ. ತುಂಗಭದ್ರಾ ತೀರದ ಉಕ್ಕಡಗಾತ್ರಿ, ಹರಿಹರಗಳನ್ನೊಳಗೊಂಡ ದಾವಣಗೆರೆ ಸೀಮೆಯಲ್ಲಿ ಇದರ ಅಗತ್ಯ ಹೆಚ್ಚಾಗಿ ಕಂಡುಬರುವುದು ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ.

ಹಿನ್ನೆಲೆ

ಮಣ್ಣಿನ ಮಾಳಿಗೆಯಲ್ಲಿ ಗೋಡೆಯಿಂದ ಗೋಡೆಗೆ ತೊಲೆಗಳನ್ನಿಟ್ಟು, ಅವುಗಳ ಮೇಲೆ ಅಡ್ಡಲಾಗಿ ಜಂತೆಗಳನ್ನು ಜೋಡಿಸಲಾಗುತ್ತದೆ. ಜಂತೆಗಳ ಮೇಲೆ ಬಿದಿರು ಅಥವಾ ಮರದ ಚಕ್ಕೆ ಹಾಸಿ, ಮಣ್ಣು ಹರಡಿ ಗಟ್ಟಿಸುತ್ತಾರೆ. ಮೇಲ್ಪದರಕ್ಕೆ ನೀರು ಸುಲಭವಾಗಿ ಇಳಿಯದ ಕರಲು ಮಣ್ಣನ್ನು ಬಳಸುವುದುಂಟು. ಇಂತಹ ಮಾಳಿಗೆ ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುತ್ತದೆ. ಆದರೆ ಸಂದುಗಳಿಂದ ಮಣ್ಣು ಉದುರುತ್ತದೆ, ಹುಳುಹುಪ್ಪಟೆಗಳೂ ಬೀಳುತ್ತವೆ.

ಸಾಮಗ್ರಿಗಳು

ಹಳೆಯ ಸೀರೆ, ಹತ್ತಿಬಟ್ಟೆ, ಗೋಣಿತಾಟು ಮತ್ತು ಬಿದಿರಿನ ಚಾಪೆ ಅಗ್ಗವಾದವು, ಹಗುರವಾದವು. ತೆಳು ಪ್ಲೈವುಡ್ ಮತ್ತು ಪಿವಿಸಿ ಪಟ್ಟಿಗಳು ಇವುಗಳಿಗಿಂತ ದುಬಾರಿ. 12.5 ಮಿ.ಮೀ. ದಪ್ಪದ ಜಿಪ್ಸಂ ಹಲಗೆ 10 ಅಡಿ ಉದ್ದಗಲದ ಕೋಣೆಗೆ ಸುಮಾರು 80 ಕಿಲೋ ಭಾರವಾಗುವುದರಿಂದ ಹಳೆಯ ತೊಲೆಗಳಿಗೆ ತಕ್ಕುದಲ್ಲ.

ವಿಧಾನ

ಮೊದಲು ಮಾಳಿಗೆಯ ಮೇಲ್ಭಾಗದ ಬಿರುಕುಗಳನ್ನು ಮುಚ್ಚಿ, ನೀರು ಹರಿದುಹೋಗುವ ದೋಣಿಯನ್ನು ಸರಿಪಡಿಸಬೇಕು. ಬಳಿಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಳಭಾಗದ ಸಡಿಲ ಮಣ್ಣನ್ನೂ ಬಲೆಗಳನ್ನೂ ಗುಡಿಸಬೇಕು. ಸುಮಾರು 2 ಅಡಿಗೊಂದರಂತೆ ಮರದ ರೀಪುಗಳನ್ನು ತೊಲೆ, ಜಂತೆಗಳಿಗೇ ಹೊಡೆಯಬೇಕು. ಮಣ್ಣಿನಲ್ಲಿ ಮೊಳೆ ನಿಲ್ಲದು. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿದರೆ ಆಮೇಲೆ ಕುಗ್ಗುವುದಿಲ್ಲ. ಅದನ್ನು ನಡುವಿನಿಂದ ಅಂಚಿನ ಕಡೆಗೆ ಎಳೆದು ಬಿಗಿದು, ಅಂಚಿನ ಮೇಲೆ ತೆಳುಪಟ್ಟಿ ಇಟ್ಟು ಮೊಳೆ ಹೊಡೆಯುವುದು ವಾಡಿಕೆ. ಬೆಳಕಿಂಡಿಯನ್ನು ಮುಚ್ಚಬಾರದು.

ಎಚ್ಚರಿಕೆ

ಹೊದಿಕೆ ದುರಸ್ತಿಯಲ್ಲ. ಗೆದ್ದಲು ಹಿಡಿದ ಅಥವಾ ಬಿರುಕು ಬಿಟ್ಟ ತೊಲೆ ಅದರ ಮರೆಯಲ್ಲಿ ಕಣ್ಣಿಗೆ ಬೀಳದೆ ಉಳಿಯುತ್ತದೆ. ಮಳೆಯಲ್ಲಿ ನೆನೆದ ಮಣ್ಣು ಭಾರವಾದಾಗ ಅಂತಹ ತೊಲೆ ಮುರಿದು ಮಾಳಿಗೆ ಕುಸಿಯಬಹುದು. ಆದ್ದರಿಂದ ಒಂದು ಮೂಲೆಯನ್ನಾದರೂ ಬಿಚ್ಚಿ ನೋಡುವಂತೆ ಇಟ್ಟುಕೊಂಡು, ಮಳೆಗಾಲಕ್ಕೆ ಮುನ್ನ ಮರವನ್ನು ಪರೀಕ್ಷಿಸಬೇಕು. ಬಟ್ಟೆ ಒದ್ದೆಯಾಗಿ ಜೋಲುಬಿದ್ದರೆ ಆ ಕೋಣೆಯಲ್ಲಿ ಮಲಗಬಾರದು. ಅಡುಗೆಮನೆಯಲ್ಲಿ ಬಟ್ಟೆ, ಚಾಪೆ, ಥರ್ಮೋಕೋಲ್‌ಗಳು ಬೆಂಕಿಗೆ ಬೇಗ ಈಡಾಗುತ್ತವೆ. ಹಳೆಯ ವಿದ್ಯುತ್ ತಂತಿಗಳನ್ನು ಹೊದಿಕೆಯ ಮರೆಯಲ್ಲಿ ಬಿಡುವುದೂ ಅಪಾಯಕರ.

ಇತರೆಡೆ

ಉತ್ತರ ಅಮೆರಿಕದಲ್ಲಿ 20ನೆಯ ಶತಮಾನದ ಉತ್ತರಾರ್ಧದ ಅನೇಕ ಮನೆಗಳ ಒಳಛಾವಣಿಗೆ ಹರಳುಹರಳಾದ ಲೇಪವನ್ನು ಸಿಂಪಡಿಸಲಾಗುತ್ತಿತ್ತು. ಕೆಲವು ಲೇಪಗಳಲ್ಲಿ ಕ್ಯಾನ್ಸರ್‌ಕಾರಕವಾದ ಕಲ್ನಾರು ಬೆರೆತಿರುತ್ತಿತ್ತು. ಕೆರೆದರೆ ಅದರ ಎಳೆಗಳು ಗಾಳಿಯಲ್ಲಿ ಸೇರುವುದರಿಂದ, ಪರೀಕ್ಷೆ ಮಾಡಿಸದೆ ಕೆರೆಯಬಾರದು. ಕಲ್ನಾರು ಇದ್ದರೆ ಮೊಳೆ ಹೊಡೆಯುವುದಕ್ಕೂ ತಜ್ಞರ ನೆರವು ಬೇಕು. ಕರ್ನಾಟಕದಲ್ಲಿ ಕಲ್ನಾರು ಸಿಮೆಂಟ್ ತಗಡಿನ ಚಾವಣಿಯಿರುವ ಮನೆಗಳಿಗೂ ಇದೇ ಕಾರಣದಿಂದ ಎಚ್ಚರಿಕೆ ಅನ್ವಯಿಸುತ್ತದೆ: ತಗಡನ್ನು ಕೊರೆಯದೆ, ಕೆಳಗಿನ ಮರದ ಚೌಕಟ್ಟಿಗೆ ಮಾತ್ರ ಹೊದಿಕೆಯನ್ನು ಕಟ್ಟಬೇಕು.