ಮಂಗರಸನ ಸೂಪಶಾಸ್ತ್ರದಲ್ಲಿ ಬದನೆಕಾಯಿ

ಪಾಕಗ್ರಂಥಗಳನ್ನು ಸಂಗ್ರಹಿಸುವುದೂ ಓದಿ ಆನಂದಿಸುವುದೂ ಜಿಹ್ವಾಚಾಪಲ್ಯದ ಲಕ್ಷಣವೆಂದು ಭಾವಿಸುವವರುಂಟು. ಜಿನಾಗಮಗಳನ್ನು ರಕ್ಷಿಸಬೇಕಾದ ಶಾಸ್ತ್ರಭಂಡಾರದಲ್ಲಿ ಅಡುಗೆಯ ಓಲೆಗಳಿಗೆ ಸ್ಥಾನವೇನೆಂಬ ಪ್ರಶ್ನೆ ಏಳುವುದೂ ಸಹಜವೇ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಗಮನವಿಟ್ಟು ಓದಿದವರಿಗೆ ಇದಕ್ಕೆ ಉತ್ತರ ದೊರೆಯುತ್ತದೆ.

ಕನ್ನಡದಲ್ಲಿ ಪಾಕವಿದ್ಯೆಯ ಬರವಣಿಗೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳೊಡನೆ ಸೂಪಶಾಸ್ತ್ರವೂ ಸೇರಿದೆ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ (1129) ಅರಮನೆಯ ಮಾಂಸಪಾಕಗಳನ್ನೂ ವಿವರಿಸುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಕಲ್ಲಹಳ್ಳಿಯ ಪ್ರಭು ಮಂಗರಸನ ಕೃತಿಯಾದರೋ ಕೇವಲ ಶಾಕಾಹಾರಕ್ಕೆ ಮೀಸಲಾದುದು. ಭಕ್ಷ್ಯ, ಪಾನಕ, ಅನ್ನ, ಶಾಕ ಎಂಬ ಕ್ರಮದಲ್ಲಿ ಅದು ವಾರ್ಧಕ ಷಟ್ಪದಿಯಲ್ಲಿ ಸಾಗುತ್ತದೆ.

ಇಲ್ಲಿ ವಿದ್ವಾಂಸರನ್ನು ತಡೆದು ನಿಲ್ಲಿಸುವ ಅಂಶವೊಂದಿದೆ. ಬಹುಬೀಜವೆಂಬ ಕಾರಣದಿಂದ ಬದನೆಯನ್ನು ಅಭಕ್ಷ್ಯಗಳಲ್ಲಿ ಎಣಿಸುವ ಸಂಪ್ರದಾಯ ಜೈನರಲ್ಲಿ ಪ್ರಸಿದ್ಧ. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’ಗಳನ್ನು ಬರೆದ ಅದೇ ಜೈನಕವಿಯು ಬದನೆಯ ಪಾಕಭೇದಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ! ಇದನ್ನು ಆಚಾರಲೋಪವೆಂದು ಒಮ್ಮೆಲೇ ತೀರ್ಮಾನಿಸಲಾಗದು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಅಲ್ಪಫಲ ಬಹುವಿಘಾತವೆಂದು ಹೆಸರಿಸಿ ತ್ಯಜಿಸಹೇಳುವುದು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಮೊದಲಾದುವನ್ನು, ಅಲ್ಲಿ ಬದನೆಯ ಹೆಸರಿಲ್ಲ. ಆದುದರಿಂದ ವರ್ಜ್ಯವಸ್ತುಗಳ ಪಟ್ಟಿ ಎಲ್ಲ ಗ್ರಂಥಗಳಲ್ಲಿಯೂ ಏಕರೂಪವಾಗಿರಲಿಲ್ಲವೆಂಬುದು ಸ್ಪಷ್ಟ.

ಇನ್ನೊಂದು ಮಾತು. ಭೋಗೋಪಭೋಗ ಪರಿಮಾಣವು ಗೃಹಸ್ಥನು ತಾನೇ ವಿಧಿಸಿಕೊಳ್ಳುವ ಮಿತಿ. ಮಿತಿಯ ಬೆಲೆ ತಿಳಿಯಬೇಕಾದರೆ ಬಿಟ್ಟ ವಸ್ತುವಿನ ಸೊಗಸೂ ತಿಳಿಯಬೇಕು. ಶ್ರಾವಕಾಚಾರಗಳು ಬಿಡಬೇಕಾದುದನ್ನು ಹೇಳುತ್ತವೆ. ಬಿಟ್ಟದ್ದು ಎಂತಹುದೆಂಬುದನ್ನು ಪಾಕಗ್ರಂಥವೊಂದೇ ಹೇಳಬಲ್ಲುದು.

ರಟ್ಟರ ಕಾಲದಿಂದಲೂ ಜಿನಧರ್ಮಕ್ಕೆ ಆಶ್ರಯವಿತ್ತ ಸವದತ್ತಿ ಸೀಮೆಯ ಮುರಗೋಡದಂತಹ ಊರುಗಳಲ್ಲಿ ಜೋಳದ ರೊಟ್ಟಿಗೆ ಬದನೆಯ ಎಣ್ಣೆಗಾಯಿಯೇ ಜೊತೆ. ಆ ಊಟವನ್ನು ಬಲ್ಲ ಓದುಗನಿಗೆ ಮಂಗರಸನ ಪದ್ಯಗಳು ಒಡನೆಯೇ ರುಚಿಸುತ್ತವೆ. ಅದೇ ನೆಲದಲ್ಲಿ ಬದನೆಯನ್ನು ಬಿಟ್ಟು ನಡೆಯುವ ವ್ರತಿಯ ಸಂಯಮದ ತೂಕವೂ ಆಗಲೇ ಮನವರಿಕೆಯಾಗುತ್ತದೆ.

ಓಲೆಯ ಪ್ರತಿಗಳು ಮತ್ತೆ ಮತ್ತೆ ನಕಲಾಗದಿದ್ದರೆ ಹುಳು ತಿಂದು ನಾಶವಾಗುತ್ತವೆ. ಲೌಕಿಕವೆಂದು ಉಪೇಕ್ಷಿಸಲ್ಪಟ್ಟ ಕಟ್ಟುಗಳಿಗೆ ಈ ಅಪಾಯ ಹೆಚ್ಚು. ಭಂಡಾರಗಳ ಸೂಚಿಯಲ್ಲಿ ಸೂಪಶಾಸ್ತ್ರಕ್ಕೂ ಶ್ರಾವಕಾಚಾರದ ಪಕ್ಕದಲ್ಲಿಯೇ ಸ್ಥಾನ ದೊರೆಯುವುದು ಉಚಿತ. ಒಂದನ್ನು ಬಿಟ್ಟರೆ ಇನ್ನೊಂದರ ಅರ್ಥ ಪೂರ್ಣವಾಗದು.